ಮುತ್ಯಾನ ಕಾಗದ ಓದಲು ಬಾರದವರು

ದೋಹಾದ ಕನ್ನಡಿಗರ ಕೂಟಗಳಲ್ಲಿ ಈಗ ವಂಶಾವಳಿಯ ಮಾತು ಜೋರಾಗಿದೆ. ಒಬ್ಬರು ಎಂಜಲು ಕಳಿಸಿ ಡಿಎನ್‌ಎ ಪರೀಕ್ಷೆ ಮಾಡಿಸಿದ್ದಾರೆ, ಇನ್ನೊಬ್ಬರು ಮೊಬೈಲಿನಲ್ಲಿ ವಂಶವೃಕ್ಷ ಬೆಳೆಸುತ್ತಿದ್ದಾರೆ. ಬೀದರ್, ಕಲಬುರಗಿ, ರಾಯಚೂರು ಕಡೆಯಿಂದ ಬಂದ ನನ್ನಂಥವರಿಗೆ ಒಂದೇ ಪ್ರಶ್ನೆ: ಊರಿನ ಟ್ರಂಕಿನಲ್ಲಿರುವ ಮುತ್ಯಾನ ಕಾಗದ ಓದಿದ್ದೀರಾ?

ಓದಿಲ್ಲ. ಅದು ಉರ್ದುವಿನಲ್ಲಿದೆ. ನಿಜಾಮರ ರಾಜ್ಯದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಫಾರ್ಸಿಯ ಜಾಗಕ್ಕೆ ಉರ್ದು ಬಂತು. 1948ರವರೆಗೂ ನಮ್ಮ ಹೊಲ, ಕಂದಾಯ, ವಾರಸು ಎಲ್ಲ ಅದರಲ್ಲೇ ದಾಖಲಾದವು.

"ಅದು ನಮ್ಮ ಮೇಲೆ ಹೇರಿದ ಭಾಷೆ, ನಾವೇಕೆ ಕಲಿಯಬೇಕು?" ಎಂದು ಗೆಳೆಯರು ಸಿಟ್ಟಾಗುತ್ತಾರೆ. ಹೇರಿದ್ದು ನಿಜ. ಮನೆಯಲ್ಲಿ ಕನ್ನಡ ಆಡುವ ಮಕ್ಕಳು ಶಾಲೆಯಲ್ಲಿ ಉರ್ದು ಓದಬೇಕಾಯಿತು. 1918ರಲ್ಲಿ ಹೈದರಾಬಾದಿನಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಾಧ್ಯಮವೂ ಉರ್ದುವೇ. ಆದರೆ ಯಾರ ಹೊಲ ಯಾರ ಕೈಸೇರಿತು ಎಂಬ ಸಾಕ್ಷಿಯೂ ಅದೇ ಲಿಪಿಯಲ್ಲಿದೆ. ಸಾಕ್ಷಿಯನ್ನೇ ಓದದೆ ದೂರು ಹೇಳುತ್ತ ಕೂತರೆ ಏನು ಬಂತು?

"ದುಡ್ಡು ಕೊಟ್ಟರೆ ಯಾರಾದರೂ ಓದಿಕೊಡುತ್ತಾರೆ" ಎನ್ನುವವರೂ ಇದ್ದಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ನನ್ನ ಕಾಗದವನ್ನು ಲಾಹೋರಿನ ಸಹೋದ್ಯೋಗಿಯೊಬ್ಬರಿಗೆ ತೋರಿಸಿದೆ. ಗಡಿ, ವಿಸ್ತೀರ್ಣ, ಕಂದಾಯ ಎಲ್ಲ ಸರಾಗವಾಗಿ ಓದಿದರು. ಮುತ್ಯಾನ ಹೆಸರಾದ ಮೇಲೆ ‘ವಲ್ದ್’, ಅಂದರೆ ‘ಇಂಥವರ ಮಗ’ ಎಂದಿತ್ತು. ಅದರ ಮುಂದಿನ ಹೆಸರಿನಲ್ಲಿ ನಿಂತುಬಿಟ್ಟರು. ಮೂರು ಹಲ್ಲು, ಒಂದು ಗೆರೆ, ಅಷ್ಟೇ. ಆ ಲಿಪಿಯಲ್ಲಿ ತ, ಪ, ನ ಮೂರಕ್ಕೂ ಪದದ ಒಳಗೆ ಒಂದೇ ಹಲ್ಲಿನ ಆಕಾರ. ಬೇರೆ ಮಾಡುವುದು ಚುಕ್ಕೆಗಳು. ಅವಸರದ ಶಿಕಸ್ತಾ ಬರಹದಲ್ಲಿ ಗುಮಾಸ್ತ ಚುಕ್ಕೆ ಬಿಟ್ಟಿದ್ದ. ಹ್ರಸ್ವ ಸ್ವರಗಳನ್ನಂತೂ ಅಲ್ಲಿ ಸಾಮಾನ್ಯವಾಗಿ ಬರೆಯುವುದೇ ಇಲ್ಲ. ಆ ಹೊಲಕ್ಕೆ ನಮ್ಮ ಮನೆಯಲ್ಲಿ ಇಂದಿಗೂ ‘ತಿಪ್ಪಣ್ಣನ ಹೊಲ’ ಎನ್ನುತ್ತಾರೆ. ಆ ಮೂರು ಹಲ್ಲು ತ, ಪ, ಣ್ಣ ಎಂದು ಹೊಳೆದದ್ದು ಅದರಿಂದ. ಲಿಪಿ ಬಲ್ಲವರಿಗೆ ನಮ್ಮ ಹೆಸರು ಗೊತ್ತಿಲ್ಲ, ಹೆಸರು ಬಲ್ಲ ನಮಗೆ ಲಿಪಿ ಗೊತ್ತಿಲ್ಲ. ಬಾಡಿಗೆ ಕಣ್ಣಿನಿಂದ ಈ ಕೆಲಸ ಆಗದು.

ಕಾಗದದ ಮೇಲೆ 1340 ಎಂಬ ಇಸವಿ ನೋಡಿ ಹದಿನಾಲ್ಕನೆಯ ಶತಮಾನದ್ದೆಂದು ಹಿಗ್ಗಬೇಡಿ. ಅದು ಫಸಲಿ ವರ್ಷ. 590 ಕೂಡಿಸಿದರೆ 1930ರ ಅಕ್ಟೋಬರಿನಲ್ಲಿ ಶುರುವಾದ ವರ್ಷ.

ಕತಾರಿನಲ್ಲಿರುವ ನಮಗಂತೂ ನೆಪವೇ ಇಲ್ಲ. ಅಂಗಡಿಯ ಬೋರ್ಡು, ರಸ್ತೆಯ ಫಲಕ, ಗುರುತಿನ ಚೀಟಿ ಎಲ್ಲದರಲ್ಲೂ ಅರಬ್ಬಿ ಇದೆ. ನನ್ನ ಮಗಳು ಶಾಲೆಯಲ್ಲಿ ಅರಬ್ಬಿ ಕಲಿಯುತ್ತಾಳೆ. ಅದಕ್ಕೆ ಪ, ಚ, ಗ, ಟ, ಡಗಳ ಅಕ್ಷರ ಸೇರಿಸಿಕೊಂಡರೆ ಉರ್ದುವಿನ ಬಾಗಿಲು ತೆರೆದಂತೆ. ಶಬ್ದಗಳೂ ಹೊಸವಲ್ಲ: ತಾಲೂಕು, ಜಿಲ್ಲೆ, ರೈತ, ವಾರಸು, ತಹಶೀಲು ಎಲ್ಲ ಅರಬ್ಬಿಯಿಂದಲೇ ಬಂದವು. ಹಳೆ ಮೈಸೂರಿನ ಪತ್ರಗಳ ‘ಬಿನ್’ ಈ ದೇಶದ ಅಮೀರ್ ತಮೀಮ್ ಬಿನ್ ಹಮದ್ ಅವರ ಹೆಸರಿನಲ್ಲೂ ಇದೆ.

1948ಕ್ಕೆ ಮೊದಲು ಉರ್ದು ಶಾಲೆಯಲ್ಲಿ ಓದಿದ ನಮ್ಮ ಹಿರಿಯರಿಗೆ ಈಗ ಎಂಬತ್ತು ದಾಟಿದೆ. ಹೆಸರೂ ಲಿಪಿಯೂ ಎರಡೂ ಬಲ್ಲವರು ಅವರೇ. ಮುಂದಿನ ರಜೆಗೆ ಊರಿಗೆ ಹೋದಾಗ ಮಾಲ್ ಸುತ್ತುವುದು ಬಿಟ್ಟು ಅವರ ಪಕ್ಕ ಟ್ರಂಕು ತೆರೆದು ಕೂಡಿರಿ. ಡಿಎನ್‌ಎ ಪರೀಕ್ಷೆ ಇನ್ನೂ ಹತ್ತು ವರ್ಷ ಕಾದೀತು, ಅವರು ಕಾಯಲಾರರು.