ಉಪಗ್ರಹ ಚಿತ್ರವೂ ಶಾಸನದ ಎಲ್ಲೆಯೂ

ಪುರಾತತ್ತ್ವ ಅಧ್ಯಯನದಲ್ಲಿ ದೂರಸಂವೇದಿ ತಂತ್ರಜ್ಞಾನದ ಮಹತ್ವವನ್ನು ಇಂದು ಅಲ್ಲಗಳೆಯುವವರಿಲ್ಲ. ಕಾಂಬೋಡಿಯಾದ ಅಂಕೋರ್ ಪರಿಸರದಲ್ಲಿ 2012ರಲ್ಲಿ ನಡೆದ ಲೈಡಾರ್ ಸಮೀಕ್ಷೆಯು ಕಾಡಿನ ಹೊದಿಕೆಯಡಿ ಅಡಗಿದ್ದ ಬೀದಿ, ಕೊಳ, ಕಾಲುವೆಗಳ ಜಾಲವನ್ನು ಬಯಲಿಗೆ ತಂದಿತು. ಆದರೆ ಕಂಡದ್ದನ್ನೆಲ್ಲ ತಿಳಿದದ್ದೆಂದು ಭಾವಿಸುವ ಪ್ರವೃತ್ತಿ ಪ್ರಶ್ನಾರ್ಹವಾದುದು.

ಘಗ್ಗರ್-ಹಾಕ್ರಾ ಪ್ರದೇಶದ ಉದಾಹರಣೆ ಇಲ್ಲಿ ಗಮನಾರ್ಹ. ಉಪಗ್ರಹ ಚಿತ್ರಗಳಲ್ಲಿ ಬತ್ತಿದ ಮಹಾನದಿಯೊಂದರ ಪಾತ್ರ ಗೋಚರಿಸಿದಾಗ, ಅದರ ದಡದ ಹರಪ್ಪ ನೆಲೆಗಳು ಆ ನದಿಯನ್ನೇ ನಂಬಿ ಬೆಳೆದು, ಅದು ಬತ್ತಿದಾಗ ಅಳಿದವೆಂದು ಹಲವರು ಊಹಿಸಿದರು. ನೆಲ ಕೊರೆದು ತೆಗೆದ ಮರಳಿನ ಕಾಲನಿರ್ಣಯವನ್ನು ಆಧರಿಸಿ 2017ರಲ್ಲಿ ಪ್ರಕಟವಾದ ಸಂಶೋಧನೆ ಬೇರೆಯದನ್ನೇ ಹೇಳಿತು. ಆ ಪಾತ್ರ ಸಟ್ಲೆಜ್ ನದಿಯದು. ಸುಮಾರು 8000 ವರ್ಷಗಳ ಹಿಂದೆಯೇ, ಅಂದರೆ ಹರಪ್ಪ ನಗರಗಳು ತಲೆಯೆತ್ತುವ ಬಹು ಮೊದಲೇ, ಅದು ಆ ಕಣಿವೆಯನ್ನು ತೊರೆದಿತ್ತು. ಮಹಾನದಿಯ ಪ್ರವಾಹದ ಭಯವಿಲ್ಲದ ಕಣಿವೆಯಲ್ಲಿ ಜನ ನೆಲೆನಿಂತರು. ಚಿತ್ರ ತೋರಿಸಿದ ಗೆರೆ ಸುಳ್ಳಾಗಿರಲಿಲ್ಲ. ಅದಕ್ಕೆ ಕಾಲವನ್ನು ಆರೋಪಿಸಿದ ಬಗೆ ತಪ್ಪಾಗಿತ್ತು.

ಕರ್ನಾಟಕದ ಸಂದರ್ಭದಲ್ಲಿ ಕಾಲ ಹಾಗೂ ಉದ್ದೇಶಗಳನ್ನು ನಿರ್ಣಯಿಸಬಲ್ಲ ಅಪೂರ್ವ ಆಕರ ಶಾಸನಗಳು. ಕೆರೆ, ತೂಬು, ಕೋಡಿಗಳ ಉಲ್ಲೇಖ, ಕೆರೆಗಾಗಿ ಬಿಟ್ಟ ಬಿತ್ತುವಟ್ಟ ಹಾಗೂ ಕಟ್ಟುಕೊಡಗೆಯ ವಿವರ, ದತ್ತಿ ಭೂಮಿಯ ನಾಲ್ದೆಸೆಯ ಎಲ್ಲೆಯಾಗಿ ಹೆಸರಿಸಲಾದ ಹಳ್ಳ, ಗುಡ್ಡ, ಮರಗಳು ಅಂದಿನ ಪರಿಸರದ ಲಿಖಿತ ನಕಾಶೆಯೇ ಸರಿ. ಆಕಾಶದಿಂದ ಕಾಣುವ ಏರಿಯೊಂದನ್ನು ಕಟ್ಟಿಸಿದವರಾರು, ಅದರ ನೀರು ಯಾರ ಗದ್ದೆಗೆ ಸಲ್ಲುತ್ತಿತ್ತು ಎಂಬುದನ್ನು ಯಾವ ಉಪಗ್ರಹವೂ ಹೇಳಲಾರದು. ಹಂಪಿಯ ತುರ್ತು ಕಾಲುವೆಯಂತೆ ಇಂದಿಗೂ ಹರಿಯುವ ಕಾಲುವೆಗಳಲ್ಲಂತೂ ಮೂಲ ರಚನೆ ಯಾವುದು, ಅನಂತರದ ದುರಸ್ತಿ ಯಾವುದು ಎಂಬುದು ಕ್ಷೇತ್ರಕಾರ್ಯವಿಲ್ಲದೆ ಇತ್ಯರ್ಥವಾಗದು.

ಹೀಗಿದ್ದರೂ ಶಾಸನಪಾಠ ಕನ್ನಡ ವಿಭಾಗದಲ್ಲಿಯೂ ಉಪಗ್ರಹ ಚಿತ್ರ ಭೂಗೋಳ ವಿಭಾಗದಲ್ಲಿಯೂ ಪ್ರತ್ಯೇಕವಾಗಿ ಉಳಿಯುವುದುಂಟು. ಶಾಸನೋಕ್ತ ಸ್ಥಳನಾಮಗಳನ್ನು ಗುರುತಿಸಿ, ಎಲ್ಲೆಗಳನ್ನು ನಕಾಶೆಗೆ ಇಳಿಸುವ ಕಾರ್ಯದಲ್ಲಿ ಹಳಗನ್ನಡ ಬಲ್ಲವರೇ ಮುಂದಾಗಬೇಕು. ಕೆರೆಯಂಗಳಗಳು ಬಡಾವಣೆಗಳಾಗುತ್ತಿರುವ, ಶಾಸನಕಲ್ಲುಗಳು ಸ್ಥಾನಪಲ್ಲಟಗೊಳ್ಳುತ್ತಿರುವ ಇಂದು ಈ ಕಾರ್ಯ ತಡವಾದಷ್ಟೂ ಹೋಲಿಸಿ ನೋಡಲು ನೆಲದ ಮೇಲೆ ಉಳಿಯುವ ಸಾಕ್ಷ್ಯ ಕಡಿಮೆಯಾಗುತ್ತದೆ.