ಅವ್ವ ಕಳಿಸಿದ ರೊಟ್ಟಿ ಯಾರಿಗೆ?

ಹೋದ ವಾರ ಲಕ್ಷ್ಮೇಶ್ವರದಿಂದ ಅವ್ವನ ಫೋನ್. "ಯವ್ವಾ, ಕಳಿಸಿದ ರೊಟ್ಟಿ ಮುಗದಾವೇನ?"

"ಮುಗದಾವ ಬೇ," ಅಂದೆ. ಸುಳ್ಳು. ಬಟ್ಟೆಯಲ್ಲಿ ಕಟ್ಟಿ ಬಸ್ಸಿಗೆ ಹಾಕಿದ್ದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ ಬೆಂಗಳೂರಿನ ನಮ್ಮ ಅಡುಗೆಮನೆಯಲ್ಲಿ ಹಾಗೇ ಇದ್ದವು. ಆಫೀಸಿನಿಂದ ರಾತ್ರಿ ಒಂಬತ್ತಕ್ಕೆ ಬಂದವಳಿಗೆ ಪಲ್ಯ ಮಾಡೋ ತ್ರಾಣ ಎಲ್ಲಿ? ಬೆರಳು ತಾನಾಗೇ ಊಟದ ಆ್ಯಪ್ ಒತ್ತುತ್ತೆ.

ಆದರೆ ಆ ರೊಟ್ಟಿ ನನಗೊಬ್ಬಳಿಗೇ ಬಂದದ್ದಲ್ಲ. ನನ್ನ ಕರುಳಲ್ಲಿರೋ ಕೋಟ್ಯಂತರ ಬ್ಯಾಕ್ಟೀರಿಯಾಗಳಿಗೂ ಅದು ಊಟ. ಜೋಳದ ನಾರನ್ನು ಪೂರ್ತಿ ಕರಗಿಸೋ ಶಕ್ತಿ ನಮ್ಮ ದೇಹಕ್ಕಿಲ್ಲ. ಅದು ದೊಡ್ಡ ಕರುಳಿಗೆ ಇಳಿದಾಗ ಬ್ಯಾಕ್ಟೀರಿಯಾ ಅದನ್ನು ಹುದುಗಿಸಿ ಬ್ಯುಟಿರೇಟ್‌ನಂಥ ಆಮ್ಲಗಳನ್ನು ಮಾಡುತ್ತವೆ. ಕರುಳಿನ ಒಳಪದರದ ಜೀವಕೋಶಗಳಿಗೆ ಶಕ್ತಿ ಸಿಗೋದು ಮುಖ್ಯವಾಗಿ ಇದರಿಂದಲೇ.

ಊಟ ಬೇರೆಯಾದರೆ ಈ ಬಳಗವೂ ಬೇರೆ. 2010ರಲ್ಲಿ ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೋದ ಹಳ್ಳಿ ಮಕ್ಕಳನ್ನೂ ಇಟಲಿಯ ಫ್ಲಾರೆನ್ಸ್ ನಗರದ ಮಕ್ಕಳನ್ನೂ ಹೋಲಿಸಿ ನೋಡಿದರು. ಆ ಹಳ್ಳಿ ಮಕ್ಕಳ ಊಟ ಏನು ಗೊತ್ತಾ? ಜೋಳ, ಸಜ್ಜೆಯಂಥ ಧಾನ್ಯ, ಅಲಸಂದಿ. ನಮ್ಮ ಮುಂಡರಗಿ, ಶಿರಹಟ್ಟಿ ಕಡೆಯ ತಾಟೇ ಅನ್ನಿ! ನಾರು ಕರಗಿಸೋ ಪ್ರಿವೊಟೆಲ್ಲಾ ಗುಂಪಿನ ಬ್ಯಾಕ್ಟೀರಿಯಾ ಅವರಲ್ಲಿ ಹೇರಳವಾಗಿತ್ತು. ನಮ್ಮ ದೇಶದೊಳಗೂ ವ್ಯತ್ಯಾಸ ಇದೆ. ಭೋಪಾಲ್ ಮತ್ತು ಕೇರಳದ 110 ಜನರ ಮೇಲೆ ನಡೆದ, 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಸ್ಯಾಹಾರ ಹೆಚ್ಚಿರೋ ಭೋಪಾಲಿನವರಲ್ಲಿ ಪ್ರಿವೊಟೆಲ್ಲಾದ್ದೇ ಮೇಲುಗೈ. ಮೀನು, ಮಾಂಸವೂ ಇರೋ ಕೇರಳದ ಊಟದಲ್ಲಿ ಬಳಗ ಬೇರೆ.

ನನ್ನ ನಿದ್ದೆ ಕೆಡಿಸಿದ್ದು 2018ರ ಇನ್ನೊಂದು ಅಧ್ಯಯನ. ಆಗ್ನೇಯ ಏಷ್ಯಾದಿಂದ ಅಮೆರಿಕದ ಮಿನೆಸೋಟಾಕ್ಕೆ ವಲಸೆ ಹೋದ ಹ್ಮಾಂಗ್ ಮತ್ತು ಕರೆನ್ ಜನಾಂಗದ ಹೆಣ್ಣುಮಕ್ಕಳದ್ದು. ಹೋದ ಕೆಲವೇ ತಿಂಗಳಲ್ಲಿ ಅವರ ಕರುಳಿನ ಬ್ಯಾಕ್ಟೀರಿಯಾ ಬದಲಾಗತೊಡಗಿತ್ತು. ವರ್ಷ ಕಳೆದಂತೆ ಬಗೆಗಳು ಕಡಿಮೆಯಾದವು. ಅಲ್ಲೇ ಹುಟ್ಟಿದ ಮಕ್ಕಳಲ್ಲಿ ಇನ್ನೂ ಕಡಿಮೆ. ಊಟ ಒಂದೇ ಕಾರಣ ಅಲ್ಲ, ಆದರೂ ಅದೂ ಒಂದು ಕಾರಣ.

ಓದುತ್ತಾ ಪಕ್ಕದಲ್ಲಿ ಮಲಗಿದ್ದ ಐದು ವರ್ಷದ ಮಗಳನ್ನು ನೋಡಿದೆ. ಅವಳು ಬೆಂಗಳೂರಲ್ಲೇ ಹುಟ್ಟಿದವಳು. ರೊಟ್ಟಿ ಅಂದರೆ ಮುಖ ಸಿಂಡರಿಸುತ್ತಾಳೆ. ಅವ್ವ ಬಂಗಾರ ಕೊಡಬಹುದು, ಹೊಲ ಬರೆದು ಕೊಡಬಹುದು. ಇದನ್ನು ಮಾತ್ರ ನಾನೇ ತಾಟಿಗೆ ಹಾಕಿ ದಾಟಿಸಬೇಕು.

ಸಮಾಧಾನದ ಸುದ್ದಿಯೂ ಇದೆ. 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 20 ಆಫ್ರಿಕನ್-ಅಮೆರಿಕನ್ನರಿಗೆ ದಕ್ಷಿಣ ಆಫ್ರಿಕಾದ ಹಳ್ಳಿಯ ಊಟ, ಅಲ್ಲಿನ 20 ಜನರಿಗೆ ಅಮೆರಿಕದ ಊಟ ಕೊಟ್ಟರು. ಬರೀ ಎರಡು ವಾರ. ನಾರು ಹೆಚ್ಚಿದವರ ಕರುಳಲ್ಲಿ ಬ್ಯುಟಿರೇಟ್ ಏರಿತು, ಉರಿಯೂತ ಇಳಿಯಿತು. ಇನ್ನೊಂದು ಗುಂಪಿನಲ್ಲಿ ಉಲ್ಟಾ.

ಹಂಗಂತ ಒಂದೇ ದಿನ ನಾಲ್ಕು ರೊಟ್ಟಿ, ತಾಟಿನ ತುಂಬ ಕಾಳು ಬೇಡ, ಹೊಟ್ಟೆ ಉಬ್ಬರಿಸುತ್ತೆ. ವಾರಕ್ಕೆ ಎರಡು ರಾತ್ರಿಯಿಂದ ಶುರು ಮಾಡಿ, ನೀರು ಚೆನ್ನಾಗಿ ಕುಡಿಯಿರಿ. ಕರುಳಿನ ತೊಂದರೆ ಇದ್ದವರು ಡಾಕ್ಟರನ್ನು ಕೇಳಿ.

ಮರುದಿನ ನಾನೇ ಫೋನ್ ಮಾಡಿದೆ. "ಯವ್ವಾ, ರೊಟ್ಟಿ ಮುಗದಿಲ್ಲ ಬೇ. ಮಡಕಿಕಾಳ ಪಲ್ಯ ಹೆಂಗ ಮಾಡೂದು ಹೇಳ."

ಒಂದು ಕ್ಷಣ ಸುಮ್ಮನಿದ್ದು ಅವ್ವ ಅಂದಳು: "ಗೊತ್ತಿತ್ತ ಬಿಡ. ಮದಲ ಕಾಳ ನೆನಿ ಹಾಕ. ನಾಳೆ ಹೇಳತೀನಿ."