ದೋಣಿ ಇದ್ದರೆ ಸಾಲದು, ಎಂಜಿನ್ ಸ್ಟಾರ್ಟ್ ಆಗಬೇಕು

ಮಳೆಗಾಲ ಬಂತೆಂದರೆ ಹರಿಹರದ ಜನ ಗಾಜನೂರಿನ ಸುದ್ದಿಗೆ ಕಿವಿಗೊಡುತ್ತಾರೆ. ತುಂಗಾ ಜಲಾಶಯದ ಗೇಟು ತೆರೆದರು, ಭದ್ರಾದಿಂದಲೂ ನೀರು ಬಿಟ್ಟರು ಎಂದರೆ ಇಲ್ಲಿ ತುಂಗಭದ್ರೆ ಏರುತ್ತಾಳೆ. ಗಂಗಾನಗರಕ್ಕೆ ನೀರು ನುಗ್ಗುತ್ತದೆ, ಸಾರಥಿ–ಚಿಕ್ಕಬಿದರಿ ಸೇತುವೆ ಮುಳುಗುತ್ತದೆ, ಉಕ್ಕಡಗಾತ್ರಿ ರಸ್ತೆ ಬಂದ್ ಆಗುತ್ತದೆ. 2019ರ ಆಗಸ್ಟ್ ಪ್ರವಾಹವನ್ನು ನದಿ ದಂಡೆಯವರು ಮರೆತಿಲ್ಲ. ಇಂಥ ಹೊತ್ತಿನಲ್ಲಿ ನಾವು ನಂಬುವುದು ರಬ್ಬರ್ ದೋಣಿಯನ್ನು, ಅದರ ಹಿಂಬದಿಗೆ ಬಿಗಿದ ಪೆಟ್ರೋಲ್ ಎಂಜಿನ್ನನ್ನು.

ದೋಣಿ ಎಷ್ಟಿವೆ, ಲೈಫ್ ಜಾಕೆಟ್ ಎಷ್ಟಿವೆ ಎಂದು ಪ್ರತಿ ವರ್ಷ ಎಣಿಸುತ್ತೇವೆ. ಆ ಎಂಜಿನ್ನಿನ ಟ್ಯಾಂಕಿನಲ್ಲಿರುವ ಪೆಟ್ರೋಲ್ ಯಾವ ತಿಂಗಳಿನದು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕೇಳಲೇಬೇಕು ಎನ್ನುವುದು ಬಿಇ ಓದುತ್ತಿರುವ ನನ್ನ ವಾದ.

ನಮ್ಮ ಬೈಕ್ ದಿನವೂ ಓಡುತ್ತದೆ, ಪೆಟ್ರೋಲ್ ಹಳತಾಗುವುದೇ ಇಲ್ಲ. ಪ್ರವಾಹದ ದೋಣಿಯ ಎಂಜಿನ್ ವರ್ಷದ ಬಹುಪಾಲು ಸುಮ್ಮನೆ ಕೂತಿರುತ್ತದೆ. ನಿಂತ ಪೆಟ್ರೋಲಿನ ಹಗುರ ಅಂಶ ಆವಿಯಾಗಿ, ಉಳಿದದ್ದು ಅಂಟಿನಂತಾಗಿ ಕಾರ್ಬ್ಯುರೇಟರಿನ ಸಣ್ಣ ರಂಧ್ರಗಳನ್ನು ಕಟ್ಟಿಹಾಕುತ್ತದೆ. ಆಮೇಲೆ ಎಷ್ಟು ಹಗ್ಗ ಎಳೆದರೂ ಎಂಜಿನ್ ಮಾತಾಡುವುದಿಲ್ಲ.

ಈಗ ಇನ್ನೊಂದು ಕಾರಣವೂ ಸೇರಿದೆ. ಶೇ 20ರಷ್ಟು ಎಥೆನಾಲ್ ಬೆರೆತ ಇ20 ಪೆಟ್ರೋಲ್ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾಯಿತು. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ನೀರು ಒಂದು ಮಿತಿ ಮೀರಿದರೆ ಎಥೆನಾಲ್ ಮತ್ತು ನೀರು ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತವೆ. ಎಂಜಿನ್ನಿಗೆ ಹೋಗುವ ಪೈಪ್ ಎಳೆಯುವುದೂ ತಳದಿಂದಲೇ! ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲಿಗೇ ಆಯಿಲ್ ಬೆರೆಸಿದ್ದರೆ ಇದು ಇನ್ನೂ ಅಪಾಯ. ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿದು, ಜಿಡ್ಡಿಲ್ಲದೆ ಓಡಿದ ಪಿಸ್ಟನ್ ನಡುನೀರಿನಲ್ಲಿ ಹಿಡಿದುಕೊಳ್ಳಬಹುದು.

ಸ್ಟಾರ್ಟ್ ಆಗದಿರುವುದಷ್ಟೇ ಸಮಸ್ಯೆಯಲ್ಲ, ಬೆಂಕಿಯ ಭಯವೂ ಇದೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಚೆಲ್ಲಿದರೆ ಆವಿ ಹರಡಿ ಹೋಗುತ್ತದೆ. ದೋಣಿಯೊಳಗೆ ಚೆಲ್ಲಿದರೆ ಬಟ್ಟಲಿನಲ್ಲಿ ನಿಂತಂತೆ ತಳದಲ್ಲೇ ನಿಲ್ಲುತ್ತದೆ. ಒಂದು ಕಿಡಿ ಸಾಕು. ಆದ್ದರಿಂದ ಟ್ಯಾಂಕನ್ನು ದಂಡೆಗಿಳಿಸಿ, ನೆಲದ ಮೇಲಿಟ್ಟೇ ತುಂಬಿಸಬೇಕು. ಬಿರುಕು ಬಿಟ್ಟ ರಬ್ಬರ್ ಪೈಪು, ಸಡಿಲವಾದ ಕ್ಲಿಪ್ಪುಗಳನ್ನು 'ಇನ್ನೊಂದು ಸೀಸನ್ ನೋಡೋಣ' ಎಂದು ಬಿಡುವಂತಿಲ್ಲ.

ಹಾಯಿದೋಣಿ ನಡೆಸುವವರಿಗೆ ಈ ಪಾಠ ಹಳೆಯದು. ಗಾಳಿ ಇರುವಷ್ಟು ಹೊತ್ತು ಅವರಿಗೆ ಎಂಜಿನ್ ಬೇಕಿಲ್ಲ, ಬೇಕಾದಾಗ ಅದು ಕೈಕೊಡುವಂತಿಲ್ಲ. ಅದಕ್ಕೇ ಫಿಲ್ಟರ್, ಪೈಪುಗಳನ್ನು ಕೆಡುವ ಮೊದಲೇ ಬದಲಿಸುತ್ತಾರೆ. ನಮ್ಮಲ್ಲೂ ಇದು ದೊಡ್ಡ ಕೆಲಸವಲ್ಲ. ತಿಂಗಳಿಗೊಮ್ಮೆ ಪ್ರೊಪೆಲ್ಲರ್ ಭಾಗವನ್ನು ನೀರು ತುಂಬಿದ ಡ್ರಮ್ಮಿನಲ್ಲಿ ಮುಳುಗಿಸಿ ಎಂಜಿನ್ ಓಡಿಸುವುದು. ನೀರಿಲ್ಲದೆ ಓಡಿಸಿದರೆ ತಂಪು ಮಾಡುವ ಪಂಪೇ ಹಾಳಾಗುತ್ತದೆ. ಕಾರ್ಬ್ಯುರೇಟರ್ ಇರುವ ಎಂಜಿನ್ನಾದರೆ, ನಿಲ್ಲಿಸುವಾಗ ಪೆಟ್ರೋಲ್ ಪೈಪ್ ಕಳಚಿ ಒಳಗಿದ್ದುದು ಖಾಲಿಯಾಗುವವರೆಗೆ ಓಡಲು ಬಿಡುವುದು. ಫಿಲ್ಟರಿನಲ್ಲಿ ನೀರಿದೆಯೇ ನೋಡುವುದು. ಕ್ಯಾನಿನ ಮೇಲೆ ಪೆಟ್ರೋಲ್ ತಂದ ದಿನಾಂಕ ಬರೆಯುವುದು.

ಮಳೆಗಾಲಕ್ಕೆ ಮುಂಚೆ ಅಣಕು ಪ್ರದರ್ಶನ ಮಾಡುತ್ತಾರಲ್ಲ ಎನ್ನಬಹುದು. ಅದು ಬೇಕು. ಆದರೆ ಹೊಸ ಪೆಟ್ರೋಲ್ ಹಾಕಿ ಹಗಲಲ್ಲಿ ಎಂಜಿನ್ ಓಡಿಸಿ ತೋರಿಸುವುದೇ ಬೇರೆ, ಆಗಸ್ಟ್‌ನ ನಡುರಾತ್ರಿ ಕರೆ ಬಂದಾಗ ಅದು ಸ್ಟಾರ್ಟ್ ಆಗುವುದೇ ಬೇರೆ. ಸಿಬ್ಬಂದಿಗೆ ನೂರೆಂಟು ಕೆಲಸ ಎನ್ನುವುದೂ ನಿಜವೇ. ಹಾಗಾದರೆ ನಮ್ಮನ್ನು ಕರೆಯಲಿ. ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ. 1941ರಲ್ಲೇ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಗಿ ಲೇತ್ ಯಂತ್ರ ತಯಾರಿಸಿದ ಊರು ಹರಿಹರ. ಯಂತ್ರ ಬಲ್ಲ ಕೈಗಳಿಗೆ ಇಲ್ಲಿ ಬರವಿಲ್ಲ. ಕಾರ್ಬ್ಯುರೇಟರ್ ಚಿತ್ರ ಬರೆದು ಅಂಕ ಪಡೆಯುವ ನಾವು, ಅಗ್ನಿಶಾಮಕ ಸಿಬ್ಬಂದಿಯ ಮೇಲ್ವಿಚಾರಣೆಯಲ್ಲಿ ತಿಂಗಳಿಗೊಂದು ಶನಿವಾರ ನಿಜವಾದ ಕಾರ್ಬ್ಯುರೇಟರ್ ಬಿಚ್ಚಿ ತೊಳೆದರೆ ಇಬ್ಬರಿಗೂ ಲಾಭ.

ತಾಲ್ಲೂಕು ಆಡಳಿತ ಒಂದು ಪುಟ್ಟ ಫಲಕ ಹಾಕಲಿ: ಎಂಜಿನ್ ಕೊನೆಯ ಬಾರಿ ಓಡಿದ್ದು ಯಾವಾಗ, ಪೆಟ್ರೋಲ್ ಬದಲಿಸಿದ್ದು ಯಾವಾಗ. ಗಂಗಾನಗರದ ಜನ ಅದನ್ನು ಓದುವಂತಿರಲಿ. ನೀರು ಮನೆಯೊಳಗೆ ಬಂದ ಮೇಲೆ ಫಿಲ್ಟರ್ ತೊಳೆಯಲು ಯಾರಿಗೂ ಪುರುಸೊತ್ತು ಇರುವುದಿಲ್ಲ.

– ಬಿಇ ವಿದ್ಯಾರ್ಥಿ, ದಾವಣಗೆರೆ